ಡಾ. ಜಾನ್ ಹೇಶಮ್ ಗಿಬ್ಬನ್ (1903–1973): ಹೃದಯ–ಶ್ವಾಸಕೋಶ ಯಂತ್ರದ ರೂವಾರಿ

ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಗ್ರಾಮಗಳಿಂದ ಹೃದಯ ಶಸ್ತ್ರಚಿಕಿತ್ಸೆಗಾಗಿ ಸರ್ಕಾರದ ನೆರವು ಕೋರುವ ಕುಟುಂಬದವರಿಗೆ, ರೋಗಿಯ ರಕ್ತವನ್ನು ದೇಹದಿಂದ ಹೊರತೆಗೆದು ಯಂತ್ರದ ಮೂಲಕ ಹರಿಸಲಾಗುವುದೆಂದು ವೈದ್ಯರು ತಿಳಿಸಿದಾಗ ಆತಂಕವಾಗುವುದು ಸಹಜ. ಆ ಯಂತ್ರವನ್ನು ಮೊದಲು ರೂಪಿಸಿದ ವೈದ್ಯರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಡಾ. ಗಿಬ್ಬನ್ ಅವರು 1903ರ ಸೆಪ್ಟೆಂಬರ್ 29ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ತಲೆಮಾರುಗಳಿಂದ ವೈದ್ಯವೃತ್ತಿಯಲ್ಲಿದ್ದ ಮನೆತನದಲ್ಲಿ ಜನಿಸಿದರು. ತಂದೆ ಶಸ್ತ್ರಚಿಕಿತ್ಸಕರು. ಮಗನಿಗೆ ಸಾಹಿತ್ಯದತ್ತ ಒಲವಿದ್ದು, ವೈದ್ಯಕೀಯ ಶಿಕ್ಷಣವನ್ನು ನಡುವೆಯೇ ಬಿಡುವ ವಿಚಾರವೂ ಇತ್ತು. ಆದರೆ ತಂದೆಯ ಸಲಹೆಯಂತೆ ಮುಂದುವರಿದು 1927ರಲ್ಲಿ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು.

1930–31ರ ಅವಧಿಯಲ್ಲಿ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ಎಡ್ವರ್ಡ್ ಚರ್ಚಿಲ್ ಅವರ ಕೈಕೆಳಗೆ ಸಂಶೋಧನೆಯಲ್ಲಿ ತೊಡಗಿದ್ದಾಗ ನಡೆದ ಒಂದು ಘಟನೆ ಅವರ ಬದುಕಿನ ದಿಕ್ಕನ್ನೇ ನಿರ್ಧರಿಸಿತು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಮಹಿಳೆಯೊಬ್ಬರ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಲುಕಿಕೊಂಡಿತ್ತು. ತರುಣ ಗಿಬ್ಬನ್ ರಾತ್ರಿಯಿಡೀ ಆಕೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ನಾಡಿ ಮತ್ತು ರಕ್ತದೊತ್ತಡವನ್ನು ದಾಖಲಿಸಿಕೊಂಡರು. ಬೆಳಿಗ್ಗೆ ಸ್ಥಿತಿ ಹದಗೆಟ್ಟಾಗ ಚರ್ಚಿಲ್ ಅವರು ಸುಮಾರು ಆರೂವರೆ ನಿಮಿಷಗಳಲ್ಲಿ ಹೆಪ್ಪನ್ನು ಹೊರತೆಗೆದರೂ ರೋಗಿ ಉಳಿಯಲಿಲ್ಲ. ಕಪ್ಪಾದ ರಕ್ತವನ್ನು ಹೊರತೆಗೆದು, ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿವಾರಿಸಿ, ಆಮ್ಲಜನಕ ತುಂಬಿ ಮರಳಿ ಧಮನಿಗೆ ಸೇರಿಸಲು ಸಾಧ್ಯವಾಗಿದ್ದರೆ ಆಕೆ ಬದುಕುತ್ತಿದ್ದರೇನೋ ಎಂಬ ವಿಚಾರ ಅಂದಿನಿಂದ ಅವರನ್ನು ಬಿಡಲಿಲ್ಲ.

ಹಿರಿಯರಿಂದ ಅವರಿಗೆ ದೊರೆತ ಪ್ರೋತ್ಸಾಹ ಅಲ್ಪವೇ. ಚರ್ಚಿಲ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಮೇರಿ ಹಾಪ್‌ಕಿನ್ಸನ್ ಅವರನ್ನು 1931ರಲ್ಲಿ ವಿವಾಹವಾದರು. ಮುಂದಿನ ಪ್ರಯೋಗಗಳಲ್ಲೆಲ್ಲ ಪತ್ನಿಯ ಪಾಲು ಗಿಬ್ಬನ್ ಅವರ ಪಾಲಿಗೆ ಸಮನಾದುದೆಂದರೆ ಅತಿಶಯೋಕ್ತಿಯಾಗದು. ದಂಪತಿಗಳು ಹಳೆಯ ಸಾಮಾನಿನ ಅಂಗಡಿಯಿಂದ ಅಗ್ಗದ ಗಾಳಿ ಪಂಪು ಕೊಂಡು ತಂದು, ಬೀದಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದರು. ತಿರುಗುವ ಉರುಳೆಯ ಒಳಮೈ ಮೇಲೆ ರಕ್ತವನ್ನು ತೆಳು ಪದರವಾಗಿ ಹರಡಿ ಆಮ್ಲಜನಕಕ್ಕೆ ಒಡ್ಡುವುದು ಅವರ ಉಪಾಯವಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬಳಸಲಾಯಿತು. 1935ರ ಮೇ 10ರಂದು ಬೆಕ್ಕೊಂದರ ಹೃದಯ ಮತ್ತು ಶ್ವಾಸಕೋಶಗಳ ಸಂಪೂರ್ಣ ಕಾರ್ಯವನ್ನು ಯಂತ್ರವೇ ನಿರ್ವಹಿಸಿತು.

ಎರಡನೆಯ ಮಹಾಯುದ್ಧದ ಸೇನಾ ಸೇವೆಯಿಂದ ಕೆಲಸಕ್ಕೆ ತಡೆ ಬಿದ್ದಿತು. 1946ರಲ್ಲಿ ಜೆಫರ್ಸನ್ ಕಾಲೇಜಿನ ಪ್ರಾಧ್ಯಾಪಕರಾದ ನಂತರ ಐ.ಬಿ.ಎಂ. ಸಂಸ್ಥೆಯ ಮುಖ್ಯಸ್ಥರಾದ ಥಾಮಸ್ ವಾಟ್ಸನ್ ಅವರು ತಮ್ಮ ಇಂಜಿನಿಯರುಗಳ ನೆರವನ್ನು ಒದಗಿಸಿದರು. ಉರುಳೆಯ ಬದಲು ತೂಗುಹಾಕಿದ ತಂತಿ ಜಾಲರಿಗಳ ಮೇಲೆ ರಕ್ತ ಇಳಿಯುವಂತೆ ಮಾಡಿದ್ದರಿಂದ ಯಂತ್ರದ ಸಾಮರ್ಥ್ಯ ಹೆಚ್ಚಿ, ಮನುಷ್ಯನಿಗೆ ಸಾಲುವಷ್ಟಾಯಿತು.

1952ರಲ್ಲಿ ಮೊದಲು ಶಸ್ತ್ರಚಿಕಿತ್ಸೆಗೊಳಗಾದ 15 ತಿಂಗಳ ಮಗು ಮೃತಪಟ್ಟಿತು. ಹೃದಯದ ಗೋಡೆಯಲ್ಲಿ ಇದೆಯೆಂದು ನಂಬಲಾಗಿದ್ದ ರಂಧ್ರ ಅಲ್ಲಿರಲಿಲ್ಲ; ದೋಷ ಬೇರೆಡೆ ಇತ್ತು. 1953ರ ಮೇ 6ರಂದು 18 ವರ್ಷದ ಯುವತಿಯೊಬ್ಬಳ ಹೃದಯದ ಮೇಲಿನ ಕೋಣೆಗಳ ನಡುವಿನ ರಂಧ್ರವನ್ನು ಹೊಲಿದು ಮುಚ್ಚಲಾಯಿತು. 26 ನಿಮಿಷಗಳ ಕಾಲ ಆಕೆಯ ಜೀವ ಸಂಪೂರ್ಣವಾಗಿ ಯಂತ್ರದ ಮೇಲೆಯೇ ಅವಲಂಬಿಸಿತ್ತು. ಆಕೆ ಗುಣಮುಖಳಾಗಿ ದಶಕಗಳ ಕಾಲ ಬಾಳಿದಳು. ಆದರೆ ಅದೇ ವರ್ಷದ ಜುಲೈನಲ್ಲಿ ಇನ್ನಿಬ್ಬರು ಮಕ್ಕಳು ಉಳಿಯಲಿಲ್ಲ. ಗಿಬ್ಬನ್ ಅವರು ಯಂತ್ರದ ಬಳಕೆಯನ್ನು ನಿಲ್ಲಿಸಿದರು. ಮುಂದೆ ಅದನ್ನು ಬಳಸಿ ತಾವೇ ಶಸ್ತ್ರಚಿಕಿತ್ಸೆ ಮಾಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಶ್ರಮವನ್ನು ಹೀಗೆ ಬದಿಗಿರಿಸುವುದು ಸುಲಭದ ಮಾತಲ್ಲ. 1955ರಲ್ಲಿ ಮೇಯೋ ಕ್ಲಿನಿಕ್‌ನ ಡಾ. ಜಾನ್ ಕಿರ್ಕ್ಲಿನ್ ಅವರು ಅದೇ ಯಂತ್ರವನ್ನು ಸುಧಾರಿಸಿ ಬಳಕೆಗೆ ತಂದರು. ಗಿಬ್ಬನ್ ಅವರಿಗೆ 1968ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. 1973ರ ಫೆಬ್ರವರಿ 5ರಂದು ಟೆನಿಸ್ ಆಡುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು.

ಈಗಿನ ಯಂತ್ರಗಳಲ್ಲಿ ಜಾಲರಿಯ ಬದಲು ಕೂದಲಿನಂತಹ ಟೊಳ್ಳು ಪ್ಲಾಸ್ಟಿಕ್ ಎಳೆಗಳಿದ್ದು, ರಕ್ತವೂ ಅನಿಲವೂ ಎಳೆಯ ಎರಡು ಬದಿಗಳಲ್ಲಿ ಪ್ರತ್ಯೇಕವಾಗಿ ಹರಿಯುತ್ತವೆ. ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೊರಹಾಕುವ ಚಿಕ್ಕ ಸಾಧನಗಳೂ ಇದೇ ಸಂತತಿಗೆ ಸೇರಿದವು. ಈ ಅನಿಲವು ರಕ್ತದಲ್ಲಿ ಹೆಚ್ಚಾಗಿ ಬೈಕಾರ್ಬೊನೇಟ್ ರೂಪದಲ್ಲಿ ಹೇರಳವಾಗಿರುವುದರಿಂದ, ಸ್ವಲ್ಪ ರಕ್ತವನ್ನು ಹರಿಸಿದರೂ ಗಣನೀಯ ಪ್ರಮಾಣವನ್ನು ತೆಗೆಯಬಹುದು. ಆಮ್ಲಜನಕ ತುಂಬಲು ಅದಕ್ಕಿಂತ ಬಹಳ ಹೆಚ್ಚು ರಕ್ತ ಹರಿಯಬೇಕು. 1970ರ ದಶಕದಲ್ಲಿ ಕೊಲೊಬೊ ಮತ್ತು ಗಟ್ಟಿನೋನಿ ಈ ವಿಧಾನವನ್ನು ರೂಪಿಸಿದರು. ಆದರೆ ತೀವ್ರ ಉಸಿರಾಟ ವೈಫಲ್ಯದ 412 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ 90 ದಿನಗಳೊಳಗಿನ ಸಾವುಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಸಾಧನ ಲಭ್ಯವಿದೆ ಎಂಬುದಷ್ಟೇ ಅದನ್ನು ಅಳವಡಿಸಲು ಕಾರಣವಾಗದು. ರೋಗಿಯ ಕುಟುಂಬದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಉದ್ದೇಶವನ್ನೂ ಅಪಾಯವನ್ನೂ ವೈದ್ಯರಿಂದ ಕೇಳಿ ತಿಳಿದುಕೊಳ್ಳತಕ್ಕದ್ದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಹೃದಯ ಶಸ್ತ್ರಚಿಕಿತ್ಸೆಗೆ ನೆರವು ಪಡೆಯಲಿಚ್ಛಿಸುವವರು ಪಡಿತರ ಚೀಟಿ ಮತ್ತು ಆಧಾರ್ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುವುದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರವಿಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು.