ಮರುಭೂಮಿಯ ವೈಮಾನಿಕ ಮಹಾರಾಜ

ರಾಜನೆಂದೊಡನೆ ಆನೆಯ ಮೇಲಣ ಅಂಬಾರಿ, ಕುದುರೆಯ ಸವಾರಿ, ಛತ್ರ ಚಾಮರಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ಜೋಧಪುರದ ಮಹಾರಾಜ ಉಮೇದಸಿಂಹರಾದರೋ ಸಿಂಹಾಸನದ ಮೇಲಿರುವಾಗಲೇ ವಿಮಾನ ನಡೆಸುವುದನ್ನು ಕಲಿತು, ತಮ್ಮ ರಾಜ್ಯದ ಮೇಲೆ ತಾವೇ ಹಾರಾಡಿದ ದೊರೆಗಳು.

1903ರಲ್ಲಿ ಜನಿಸಿದ ಇವರು ಮಹಾರಾಜ ಸರದಾರಸಿಂಹರ ಕಿರಿಯ ಪುತ್ರರು. ಅಣ್ಣ ಸುಮೇರಸಿಂಹರು 1918ರಲ್ಲಿ ಅಕಾಲ ಮರಣಕ್ಕೆ ತುತ್ತಾಗಲು, 15ನೆಯ ವಯಸ್ಸಿನಲ್ಲಿಯೇ ಪಟ್ಟವೇರಬೇಕಾಯಿತು. ಕುಲವೃದ್ಧರಾದ ಸರ್ ಪ್ರತಾಪಸಿಂಹರು ರಾಜಪ್ರತಿನಿಧಿಗಳಾಗಿ ಆಡಳಿತವನ್ನು ನಡೆಸಿದರು. 1923ರಲ್ಲಿ ತರುಣ ರಾಜರಿಗೆ ಪೂರ್ಣಾಧಿಕಾರ ದೊರೆಯಿತು.

ಪೋಲೋ ಆಟದಲ್ಲಿ ನಿಪುಣರಾಗಿದ್ದ ಅವರ ಮನಸ್ಸನ್ನು ಬಲುಬೇಗ ಸೆಳೆದುಕೊಂಡದ್ದು ವಿಮಾನ. ಅಂದಿನ ವಿಮಾನಗಳು ಕರಾಚಿಯಿಂದ ಕಲ್ಕತ್ತೆಗೆ ಒಂದೇ ನೆಗೆತಕ್ಕೆ ಹೋಗಲಾರವು. ನಡುನಡುವೆ ಇಳಿದು ಇಂಧನ ತುಂಬಿಕೊಳ್ಳಬೇಕು. ಮಳೆ ಅಪರೂಪವಾದ, ಬಯಲಾಗಿ ಹರಡಿದ ಮಾರವಾಡದ ನೆಲ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಬೇಸಾಯಗಾರನಿಗೆ ಶಾಪವಾದದ್ದೇ ವೈಮಾನಿಕನಿಗೆ ವರವಾಯಿತೆನ್ನಬೇಕು! ಮಹಾರಾಜರು ಅಲ್ಲೊಂದು ಒಳ್ಳೆಯ ನಿಲ್ದಾಣವನ್ನು ಕಟ್ಟಿಸಿದರು. ಫ್ಲೈಯಿಂಗ್ ಕ್ಲಬ್ಬನ್ನು ಸ್ಥಾಪಿಸಿದರು. ರಾಜ್ಯದಲ್ಲಿ ಅಲ್ಲಲ್ಲಿ ವಿಮಾನವಿಳಿಯುವ ಮೈದಾನಗಳನ್ನು ಸಿದ್ಧಪಡಿಸಿದರು. 1930ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನಿಂದ ಬಟೇವಿಯಾಕ್ಕೆ ಹೋಗುತ್ತಿದ್ದ ಡಚ್ಚರ ಕೆ.ಎಲ್.ಎಂ., ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್, ಫ್ರೆಂಚರ ಏರ್ ಫ್ರಾನ್ಸ್ ವಿಮಾನಗಳು ಒಂಟೆಗಳ ಆ ನಾಡಿನಲ್ಲಿ ಇಳಿದು ಏಳುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಜೋಧಪುರವು ವಾಯುಪಡೆಯ ತರುಣರಿಗೆ ಶಿಕ್ಷಣಕೇಂದ್ರವಾಯಿತು. ಮಹಾರಾಜರಿಗೆ ಏರ್ ವೈಸ್ ಮಾರ್ಷಲ್ ಎಂಬ ಗೌರವ ಪದವಿ ಸಂದಿತು.

ಪ್ರಜೆಗಳು ಅನಾವೃಷ್ಟಿಯಿಂದ ಬಳಲುತ್ತಿರುವಾಗ ರಾಜನಿಗೆ ಹಾರಾಟವೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕಿಂತಲೂ ಕಠಿನವಾದ ಪ್ರಶ್ನೆ ಅರಮನೆಯದು. 1929ರಲ್ಲಿ ಚಿತ್ತರ್ ಗುಡ್ಡದ ಮೇಲೆ ಆರಂಭವಾದ ಉಮೇದ ಭವನ 1943ರಲ್ಲಿ ಮುಗಿಯಿತು, ಕೊಠಡಿಗಳು 347! ಕ್ಷಾಮಪೀಡಿತರಿಗೆ ಕೆಲಸ ಕೊಡುವುದೇ ಅದರ ಉದ್ದೇಶವೆಂದು ಪ್ರತೀತಿ. ಎರಡು ಮೂರು ಸಾವಿರ ಜನ ವರ್ಷಗಟ್ಟಲೆ ಅಲ್ಲಿ ದುಡಿದು ಕೂಲಿ ಪಡೆದರೆಂಬುದು ನಿಜ. ಕೂಲಿಯ ಹಣದಿಂದ ಒಲೆ ಉರಿಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಅದೇ ಶ್ರಮದಿಂದ ಕೆರೆಕಟ್ಟೆಗಳನ್ನು ಕಟ್ಟಿಸಿದ್ದರೆ ಮುಂದಿನ ಬರಗಾಲಕ್ಕೂ ಒದಗುತ್ತಿತ್ತಲ್ಲವೆ ಎಂಬ ಯೋಚನೆ ಬಾರದಿರದು.

ನೀರಿನ ಕೆಲಸಕ್ಕೂ ಅವರು ಕೈಹಾಕದೆ ಇರಲಿಲ್ಲ. ಜವಾಯಿ ನದಿಯ ಅಣೆಕಟ್ಟಿನ ಕೆಲಸ 1946ರಲ್ಲಿ ಅವರ ಆಳ್ವಿಕೆಯಲ್ಲಿಯೇ ಮೊದಲಾಯಿತು. ಮರುವರ್ಷ ಜೂನ್ 9ರಂದು, ಸ್ವಾತಂತ್ರ್ಯಕ್ಕೆ ಎರಡು ತಿಂಗಳು ಉಳಿದಿರುವಾಗ, ಕರುಳಬಾಲದ ಬೇನೆಯಿಂದ ಅಬೂ ಪರ್ವತದಲ್ಲಿ ತೀರಿಕೊಂಡರು. ವಯಸ್ಸು 43 ಮಾತ್ರ. ತಂದೆಯಂತೆಯೇ ವಿಮಾನ ನಡೆಸುತ್ತಿದ್ದ ಮಗ ಹನವಂತಸಿಂಹರು 1952ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. ರಾಜ್ಯವು ಅಷ್ಟರಲ್ಲಿ ರಾಜಸ್ಥಾನದೊಡನೆ ಕೂಡಿತ್ತು. ಜವಾಯಿಯ ಕಟ್ಟೆ ಪೂರ್ಣಗೊಂಡದ್ದು 1957ರಲ್ಲಿ.