ಮೂರು ಲೀಜನ್‌ಗಳೊಡನೆ ಅಳಿದ ವೇರಸ್

ರೋಮ್ ಸಾಮ್ರಾಜ್ಯದ ಇತಿಹಾಸದಲ್ಲಿ ಪಬ್ಲಿಯಸ್ ಕ್ವಿಂಟಿಲಿಯಸ್ ವೇರಸನಷ್ಟು ಅಪಕೀರ್ತಿಗೆ ಗುರಿಯಾದ ಸೇನಾಪತಿಗಳು ವಿರಳ. ಹಾಗೆಂದು ಅವನನ್ನು ಅನುಭವಹೀನನೆನ್ನುವಂತಿಲ್ಲ. ತಂದೆ ಸೆಕ್ಸ್ಟಸನು ಜೂಲಿಯಸ್ ಸೀಸರನ ಹಂತಕರ ಪಕ್ಷ ವಹಿಸಿ, ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯ ಸೋಲಿನ ತರುವಾಯ ಆತ್ಮಹತ್ಯೆಗೆ ಶರಣಾಗಿದ್ದನು. ಮಗನಾದರೋ ಗೆದ್ದವರ ಪಕ್ಷದಲ್ಲಿಯೇ ಬೆಳೆದು, ಕ್ರಿ.ಪೂ. 13ರಲ್ಲಿ ಟೈಬೀರಿಯಸನೊಡನೆ ಕಾನ್ಸಲ್ ಪದವಿಗೇರಿದನು. ಆಗಸ್ಟಸ್ ಚಕ್ರವರ್ತಿಯ ಅಕ್ಕನ ಮೊಮ್ಮಗಳಾದ ಕ್ಲಾಡಿಯಾ ಪುಲ್ಕ್ರಾಳ ಕೈಹಿಡಿದನು. ಆಫ್ರಿಕ, ಸಿರಿಯ ಪ್ರಾಂತಗಳನ್ನು ಆಳಿದನು. ಕ್ರಿ.ಪೂ. 4ರಲ್ಲಿ ಹೆರೋದ ರಾಜನು ತೀರಿಕೊಂಡು ಜೂಡಿಯದಲ್ಲಿ ದಂಗೆಯೆದ್ದಾಗ, ಸುಮಾರು 2,000 ಮಂದಿಯನ್ನು ಶಿಲುಬೆಗೇರಿಸಿ ಅದನ್ನು ಅಡಗಿಸಿದವನೂ ಅವನೇ. ಕರುಣೆಯ ಕಾರ್ಯವಲ್ಲ ಅದು; ಆದರೆ ರೋಮಿನ ಕಣ್ಣಿಗೆ ಅದೇ ದಕ್ಷತೆಯಾಗಿ ಕಂಡಿತು.

ಕ್ರಿ.ಶ. 7ರ ಸುಮಾರಿಗೆ ಜರ್ಮೇನಿಯದ ಅಧಿಕಾರ ಅವನ ಪಾಲಿಗೆ ಬಂದಿತು. ಇನ್ನೂ ಪೂರ್ಣವಾಗಿ ವಶವಾಗದಿದ್ದ ಆ ಸೀಮೆಯಲ್ಲಿ ಅವನು ಶಾಂತವಾದ ಪ್ರಾಂತದಲ್ಲಿದ್ದವನಂತೆ ನ್ಯಾಯಸ್ಥಾನ ನಡೆಸಿ, ಕಂದಾಯ ವಸೂಲು ಮಾಡತೊಡಗಿದನು. ಚೆರುಸ್ಕಿ ಕುಲದ ತರುಣ ಆರ್ಮೀನಿಯಸನು ರೋಮಿನ ಪೌರತ್ವ ಪಡೆದು, ರೋಮನ್ನರ ಸೈನ್ಯದಲ್ಲಿಯೇ ಯುದ್ಧವಿದ್ಯೆ ಕಲಿತವನು. ವೇರಸನ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಆಪ್ತ. ಅವನು ಒಳಸಂಚು ನಡೆಸುತ್ತಿರುವನೆಂದು ಅದೇ ಕುಲದ ಸೆಗೆಸ್ಟಿಸನು ಎಚ್ಚರಿಸಿದರೂ ವೇರಸನು ನಂಬಲಿಲ್ಲ. ನಂಬಬಾರದವನನ್ನು ನಂಬಿದುದಕ್ಕಿಂತ, ನಂಬಬೇಕಾದವನ ಮಾತನ್ನು ತಳ್ಳಿಹಾಕಿದುದೇ ಅವನ ದೊಡ್ಡ ತಪ್ಪೆನ್ನಬೇಕು.

ಕ್ರಿ.ಶ. 9ರ ಶರತ್ಕಾಲದಲ್ಲಿ ವೇಸರ್ ನದಿಯ ಕಡೆಯ ಬೇಸಗೆಯ ಬೀಡಿನಿಂದ ಸೈನ್ಯ ಹಿಂದಿರುಗುತ್ತಿದ್ದಾಗ, ಎಲ್ಲಿಯೋ ದಂಗೆಯೆದ್ದಿದೆಯೆಂಬ ಸುದ್ದಿ ಅವರನ್ನು ಕಾಡುದಾರಿಗೆ ಎಳೆಯಿತು. 17, 18, 19ನೆಯ ಲೀಜನ್‌ಗಳು, ಸರಕುಬಂಡಿಗಳು, ಹೆಂಗಸರು, ಮಕ್ಕಳು ಉದ್ದಕ್ಕೆ ಚೆದರಿ ಸಾಗುತ್ತಿದ್ದರು. ಮಳೆಗಾಳಿಯ ನಡುವೆ ಮರಗಳ ಮರೆಯಿಂದ ದಾಳಿಯಾಯಿತು. ಕೆಲವು ದಿನಗಳ ಕದನದಲ್ಲಿ ಸುಮಾರು 15,000ಕ್ಕೂ ಮಿಕ್ಕ ಜನರು ಅಳಿದರೆಂದು ಅಂದಾಜು. ಗಾಯಗೊಂಡ ವೇರಸನು ತಂದೆಯ ಹಾದಿಯನ್ನೇ ಹಿಡಿದು ತನ್ನ ಪ್ರಾಣವನ್ನು ತಾನೇ ನೀಗಿದನು. ಅವನ ಶಿರಸ್ಸು ಶತ್ರುಗಳ ಕೈಯಿಂದ ಕೈಗೆ ಸಾಗಿ ರೋಮನ್ನು ಸೇರಿದಾಗ, ಆಗಸ್ಟಸನು ಅದನ್ನು ಅವನ ಮನೆತನದ ಸಮಾಧಿಯಲ್ಲಿ ಇರಿಸಿದನು. ಆ ಮೂರು ಲೀಜನ್‌ಗಳ ಸಂಖ್ಯೆಗಳನ್ನು ರೋಮ್ ಮತ್ತೆಂದೂ ಬಳಸಲಿಲ್ಲ.

ಕ್ರಿ.ಶ. 15ರಲ್ಲಿ ಜರ್ಮಾನಿಕಸನು ಅಲ್ಲಿಗೆ ಬಂದು ಬಿಳುಪೇರಿದ ಎಲುಬುಗಳನ್ನು ಮಣ್ಣುಮಾಡಿದನು. ಬಳಿಕ ಆ ನೆಲದ ಗುರುತೇ ಮರೆಯಾಯಿತು. ಡೆಟ್‌ಮೋಲ್ಡ್ ಬಳಿ 1875ರಲ್ಲಿ ಆರ್ಮೀನಿಯಸನಿಗೆ ಭವ್ಯ ಸ್ಮಾರಕವೆದ್ದಿತು. 1885ರಲ್ಲಿ ಇತಿಹಾಸಕಾರ ಮಾಮ್‌ಸೆನ್, ದೊರೆತಿದ್ದ ನಾಣ್ಯಗಳ ಆಧಾರದಿಂದ, ಯುದ್ಧ ನಡೆದುದು ಕಾಲ್ಕ್ರೀಸೆಯ ಆಸುಪಾಸಿನಲ್ಲೆಂದು ತರ್ಕಿಸಿದರು, ಹೆಚ್ಚಿನವರು ಕಿವಿಗೊಡಲಿಲ್ಲ. 1987ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಟೋನಿ ಕ್ಲನ್ ಲೋಹಶೋಧಕ ಹಿಡಿದು ಅಲ್ಲಿ ಬೆಳ್ಳಿಯ ನಾಣ್ಯಗಳನ್ನೂ ಮರುವರ್ಷ ಕವಣೆಯ ಸೀಸದ ಗುಂಡುಗಳನ್ನೂ ಕಂಡರು. ತರುವಾಯದ ಉತ್ಖನನದಲ್ಲಿ ಅಶ್ವಾರೋಹಿಯ ಕಬ್ಬಿಣದ ಮುಖವಾಡ, ಮಾನವರ ಎಲುಬು ತುಂಬಿದ ಗುಂಡಿಗಳು ದೊರೆತವು. ಇದು ಜರ್ಮಾನಿಕಸನ ಕಾಲದ ಕದನಭೂಮಿಯಿರಬಹುದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದರೆ ಆ ಮಣ್ಣಿನಿಂದ ಬಂದ ಕೆಲವು ತಾಮ್ರದ ನಾಣ್ಯಗಳ ಮೇಲೆ ವೇರಸನ ಹೆಸರಿನ ಮೊದಲ ಮೂರು ಅಕ್ಷರಗಳ ಮುದ್ರೆಯಿದೆ.