ಎಡಗಾಲಲ್ಲಿ ಆಡಿಸಿದ ಮೇಷ್ಟ್ರು

ಒಂದು ಕ್ವಿಜ್ ಪ್ರಶ್ನೆಯಿಂದ ಶುರು ಮಾಡೋಣ. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಎಷ್ಟು ಸಲ ಚಿನ್ನ ಗೆದ್ದಿದೆ? ಉತ್ತರ: ಎರಡು ಸಲ. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ. ಎರಡು ಸಲವೂ ಕೋಚ್ ಒಬ್ಬರೇ, ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್. 2024ರಲ್ಲಿ ಬಂದ ‘ಮೈದಾನ್’ ಸಿನಿಮಾದಲ್ಲಿ ಅಜಯ್ ದೇವಗನ್ ಮಾಡಿದ್ದು ಇವರದ್ದೇ ಪಾತ್ರ. ಸಿನಿಮಾ ನೋಡಿದವರಿಗೆ ಹೆಸರಾದ್ರೂ ಗೊತ್ತಿರುತ್ತೆ. ನೋಡದವರಿಗೋಸ್ಕರ ಈ ಲೇಖನ.

ರಹೀಮ್ ಹುಟ್ಟಿದ್ದು 17 ಆಗಸ್ಟ್ 1909. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ವೃತ್ತಿಯಲ್ಲಿ ಸ್ಕೂಲ್ ಮೇಷ್ಟ್ರು. ಅವರೂ ಫುಟ್‌ಬಾಲ್ ಆಡಿದವರೇ, ಆದರೆ ಅವರ ಹೆಸರು ಉಳಿದಿರೋದು ಆಡಿದ್ದಕ್ಕಲ್ಲ, ಆಡಿಸಿದ್ದಕ್ಕೆ. ಪಾಠ ಹೇಳೋ ಕೆಲಸವನ್ನೇ ಗ್ರೌಂಡಿಗೆ ತಗೊಂಡು ಬಂದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ ಕಾರ್ಯದರ್ಶಿಯಾದರು, ಕೊನೇ ತನಕ ಆ ಹೊಣೆ ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಆ ತಂಡ ಬಾಂಬೆಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದಿತು.

ಹೇಗೆ ಗೆದ್ದರು ಅನ್ನೋದೇ ಇಲ್ಲಿ ಮುಖ್ಯ. ರಹೀಮ್ ಹೈದರಾಬಾದಿನಲ್ಲಿ ವಿಚಿತ್ರವಾದ ಟೂರ್ನಮೆಂಟ್‌ಗಳನ್ನ ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡೋ ಹಾಗೇ ಇಲ್ಲ. ಇನ್ನೊಂದರಲ್ಲಿ ಯಾವ ಕಾಲು ವೀಕೋ ಆ ಕಾಲಲ್ಲೇ ಆಡಬೇಕು, ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ. ಕುಳ್ಳಗಿರೋ ಹುಡುಗರಿಗೇ ಅಂತ ಇನ್ನೊಂದು ಟೂರ್ನಮೆಂಟ್.

ಕೇಳೋಕೆ ತಮಾಷೆ. ಆದರೆ ಸ್ವಲ್ಪ ಯೋಚನೆ ಮಾಡಿ. ಚಂದ್ರಾ ಲೇಔಟ್‌ನಲ್ಲಿ ಸಂಜೆ ಹುಡುಗರು ಆಡೋದನ್ನ ಐದು ನಿಮಿಷ ನಿಂತು ನೋಡಿದರೆ ಸಾಕು, ಪ್ರತಿ ಟೀಮಲ್ಲೂ ಬಾಲ್ ಬಿಡದ ಒಬ್ಬ ಸಿಕ್ಕೇ ಸಿಗ್ತಾನೆ. ಅವನೇ ಚೆನ್ನಾಗಿ ಆಡೋನು, ಒಪ್ಪೋಣ. ಆದರೆ ಅವನ ಕಾಲಲ್ಲಿ ಬಾಲ್ ಇರೋವರೆಗೂ ಮಿಕ್ಕವರು ನಿಂತು ನೋಡ್ತಿರ್ತಾರೆ. ಡ್ರಿಬ್ಲಿಂಗ್ ತೆಗೆದುಬಿಡಿ, ಅವನು ಪಾಸ್ ಕೊಡಲೇಬೇಕು. ಪಾಸ್ ಬೇಕಂದ್ರೆ ಮಿಕ್ಕವರು ಖಾಲಿ ಜಾಗಕ್ಕೆ ಓಡಲೇಬೇಕು. ಒಂದೇ ಒಂದು ರೂಲ್ ಬದಲಾಯಿಸಿದ್ದಕ್ಕೆ ಹನ್ನೊಂದು ಜನಾನೂ ಆಟದೊಳಗೆ ಬಂದರು. ಟೀಮ್‌ವರ್ಕ್ ಬಗ್ಗೆ ಭಾಷಣ ಮಾಡೋ ಅಗತ್ಯ ಇಲ್ಲ. ಇದನ್ನೇ ನಾವು ಒಳ್ಳೆ ಡಿಸೈನ್ ಅಂತೀವಿ.

ವೀಕ್ ಕಾಲಿನ ಆಟದಲ್ಲೂ ಇದೇ ಲೆಕ್ಕ. ಎಷ್ಟೇ ದೊಡ್ಡ ಆಟಗಾರನಾದರೂ ಅಲ್ಲಿ ಮತ್ತೆ ಎಲ್‌ಕೆಜಿಗೆ ಸೇರಿದ ಹಾಗೆ. ಕಲಿತ ಮೇಲೆ ಎದುರಾಳಿಗೆ ಇವನು ಯಾವ ಕಡೆ ತಿರುಗ್ತಾನೆ ಅನ್ನೋದೇ ಗೊತ್ತಾಗಲ್ಲ.

ಆಟಗಾರರನ್ನ ಹುಡುಕೋದರಲ್ಲೂ ಅವರು ಹಾಗೇ. ಸಿಕಂದರಾಬಾದ್ ಕಡೆಯ ಬಡ ಹುಡುಗ ತುಳಸಿದಾಸ್ ಬಲರಾಮ್‌ಗೆ ಪ್ರಾಕ್ಟೀಸಿಗೆ ಅಷ್ಟು ದೂರ ಬರೋಕೆ ದುಡ್ಡಿರಲಿಲ್ಲ. ರಹೀಮ್ ಒಂದು ಸೈಕಲ್ ವ್ಯವಸ್ಥೆ ಮಾಡಿಕೊಟ್ಟರಂತೆ. ಆ ಹುಡುಗ ಮುಂದೆ ಒಲಿಂಪಿಕ್ಸ್ ಆಡಿದ.

ಎಲ್ಲಾ ಗೆಲುವೇ ಅಂದ್ಕೋಬೇಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಇಂಥ ಸೋಲಾದ ಮೇಲೆ ಕೋಚ್ ಕೆಲಸ ಹೋಗೋದು ಸಾಮಾನ್ಯ. ರಹೀಮ್ ಆ ಸೋಲನ್ನೇ ಪಾಠ ಮಾಡಿಕೊಂಡರು. ಬೂಟ್ ಕಡ್ಡಾಯ ಆಯ್ತು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಂಗೇರಿಯ ಆಟದಿಂದ ಒಂದು ಐಡಿಯಾ ತಂದರು. ಸೆಂಟರ್ ಫಾರ್ವರ್ಡ್ ಮುಂದೆ ನಿಲ್ಲದೆ ಸ್ವಲ್ಪ ಹಿಂದಕ್ಕೆ ಸರೀತಾನೆ. ಅವನನ್ನ ಕಾಯೋ ಡಿಫೆಂಡರ್‌ಗೆ ಪೇಚು: ಹಿಂದೆ ಹೋದರೆ ಗೋಲ್ ಮುಂದೆ ಜಾಗ ಖಾಲಿ, ಹೋಗದಿದ್ದರೆ ಅವನು ಫ್ರೀ.

ನಾಲ್ಕು ವರ್ಷ ಆದ್ಮೇಲೆ, 1956ರ ಮೆಲ್ಬರ್ನ್. ಆತಿಥೇಯ ಆಸ್ಟ್ರೇಲಿಯಾವನ್ನ ಭಾರತ 4-2ರಿಂದ ಅವರ ಊರಲ್ಲೇ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು, ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಎದುರಿಗೆ ಬಂದಿದ್ದು ಅದೇ ಯುಗೊಸ್ಲಾವಿಯಾ. ಮೊದಲ ಗೋಲ್ ನಮ್ಮದೇ! ಕೊನೆಗೆ 4-1ರಿಂದ ಸೋತೆವು, ನಾಲ್ಕನೇ ಸ್ಥಾನ ಸಿಕ್ಕಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಇವತ್ತಿಗೂ ನಮಗೆ ಅದೇ ದೊಡ್ಡದು.

ನಮ್ಮ ಕಡೆಯವರು ಯಾರೂ ಇರಲಿಲ್ವಾ? ಇದ್ದರು. ಮೈಸೂರು ತಂಡ 1946-47ರಲ್ಲಿ, ಮತ್ತೆ 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದ ಕಾಲ ಅದು. ಮೈಸೂರು ರಾಜ್ಯದ ಕೆಂಪಯ್ಯ ರಹೀಮ್ ಅವರ ಮೆಲ್ಬರ್ನ್ ತಂಡದಲ್ಲಿ ಹಾಫ್‌ಬ್ಯಾಕ್, 1960ರ ರೋಮ್ ತಂಡದಲ್ಲೂ ಇದ್ದರು. 1962ರ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಈಗ ಜಕಾರ್ತಾಕ್ಕೆ ಬರೋಣ. ಆ ಹೊತ್ತಿಗೆ ರಹೀಮ್ ಆರೋಗ್ಯ ಕೆಟ್ಟಿತ್ತು. ಮೊದಲ ಮ್ಯಾಚಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಥಾಯ್ಲೆಂಡ್, ಜಪಾನ್ ಮೇಲೆ ಗೆದ್ದರು, ಆದರೆ ಡಿಫೆನ್ಸಿನ ಆಧಾರ ಕಂಬವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಹೊರಗೆ ವಾತಾವರಣ ಇನ್ನೂ ಕೆಟ್ಟದು. ಇಸ್ರೇಲ್, ತೈವಾನ್ ತಂಡಗಳನ್ನ ಕರೆಯದಿದ್ದಕ್ಕೆ ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ದರಿಂದ ಅಲ್ಲಿನ ಜನ ಸಿಟ್ಟಾಗಿದ್ದರು. ಭಾರತದ ರಾಯಭಾರ ಕಚೇರಿ ಮೇಲೆ ದಾಳಿಯೂ ಆಯ್ತು.

ಗಾಯಗೊಂಡ ಡಿಫೆಂಡರ್‌ನ ಏನು ಮಾಡೋದು? ರಹೀಮ್ ಅವರನ್ನ ಕೂರಿಸಲಿಲ್ಲ. ಸೆಂಟರ್ ಫಾರ್ವರ್ಡ್ ಮಾಡಿ ಮುಂದೆ ಕಳಿಸಿದರು! ಹಿಂದೆ ಅವರ ಜಾಗಕ್ಕೆ ಅರುಣ್ ಘೋಷ್. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ 3-2 ಗೆಲುವು, ಅದರಲ್ಲಿ ಜರ್ನೈಲ್ ಅವರದ್ದೂ ಒಂದು ಗೋಲ್. 4 ಸೆಪ್ಟೆಂಬರ್ 1962ರಂದು ಫೈನಲ್. ಮತ್ತೆ ಅದೇ ಕೊರಿಯಾ, ಸುತ್ತ ಸುಮಾರು ಒಂದು ಲಕ್ಷ ಜನರ ಕೂಗಾಟ. ಜ್ವರದಿಂದ ಎದ್ದಿದ್ದ ಎತ್ತರದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರನ್ನ ರಹೀಮ್ ಮತ್ತೆ ಗೋಲಲ್ಲಿ ನಿಲ್ಲಿಸಿದರು. ಮೊದಲ ಇಪ್ಪತ್ತು ನಿಮಿಷದಲ್ಲೇ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲ್ ಹೊಡೆದರು. ಕೊನೇ ಹೊತ್ತಲ್ಲಿ ಕೊರಿಯಾ ಒಂದು ವಾಪಸ್ ಕೊಟ್ಟಿತು, ಅಷ್ಟೇ. 2-1, ಚಿನ್ನ ನಮ್ಮದು. ಮೊದಲ ಮ್ಯಾಚಿನ ಸೋಲಿಗೂ ಫೈನಲ್‌ಗೂ ನಡುವೆ ಬದಲಾಗಿದ್ದು ಯಾರು ಎಲ್ಲಿ ನಿಲ್ಲಬೇಕು ಅನ್ನೋದು. ತನ್ನ ಜಾಗ ಬಿಟ್ಟು ಬೇರೆ ಜಾಗದಲ್ಲಿ ಆಡೋಕೆ ರೆಡಿ ಇದ್ದವರು ಇದ್ದಿದ್ದರಿಂದಲೇ ಅದು ಸಾಧ್ಯ ಆಯ್ತು.

ಒಂಬತ್ತು ತಿಂಗಳಲ್ಲಿ, 11 ಜೂನ್ 1963ರಂದು, ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅವರ ಮಗ ಎಸ್.ಎಸ್. ಹಕೀಂ ಕೂಡ ಫುಟ್‌ಬಾಲ್‌ನವರೇ, 1960ರ ಒಲಿಂಪಿಕ್ಸ್ ತಂಡದಲ್ಲಿದ್ದವರು. ಅವರು 2021ರಲ್ಲಿ ನಮ್ಮ ಕಲಬುರಗಿಯಲ್ಲಿ ನಿಧನರಾದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಮಾತ್ರ 1962ರ ನಂತರ ಮತ್ತೆ ಬಂದಿಲ್ಲ.

ನಮ್ಮ ಬ್ರಾಂಚ್‌ಗಳಲ್ಲಿ ಮಿನಿ ಪ್ರಾಜೆಕ್ಟ್ ಟೀಮ್ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಕೋಡ್ ಬರೋನು ಕೋಡ್ ಮಾಡ್ತಾನೆ, ಪಿಪಿಟಿ ಮಾಡೋನು ಪಿಪಿಟಿ, ಇಬ್ಬರು ಹಿಂದೆ ನಿಂತು ತಲೆ ಆಡಿಸ್ತಾರೆ. ವೈವಾ ದಿನ ಕೋಡ್ ಮಾಡಿದವನಿಗೆ ಜ್ವರ ಬಂದರೆ ಕಥೆ ಮುಗೀತು. ರಹೀಮ್ ಇದ್ದಿದ್ದರೆ ಕೋಡ್ ಮಾಡೋನ ಕೈಯಲ್ಲಿ ರಿಪೋರ್ಟ್ ಬರೆಸಿ, ಹಿಂದೆ ನಿಂತವನ ಕೈಗೆ ಕೀಬೋರ್ಡ್ ಕೊಡ್ತಿದ್ರು ಅಂತ ನಮಗನ್ಸುತ್ತೆ. ಮೊದಲ ವಾರ ಕೆಲಸ ನಿಧಾನ ಆಗುತ್ತೆ, ನಿಜ. ಎಡಗಾಲಿನ ಆಟಾನೂ ಮೊದಮೊದಲು ನಿಧಾನವೇ ಇದ್ದಿರಬೇಕು.